ಹಾಸ್ಟೆಲ್ ಊಟಕ್ಕೆ ಬೈಯೋದು ನಿಲ್ಲಿಸಿ, ಒಲೆ ಹಚ್ಚಿ: 6 ಸೂತ್ರಗಳು

ರಾಯಚೂರು, ಬೀದರ್ ಕಡೆಯಿಂದ ಕೋಚಿಂಗಿಗೆ ಬಂದು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ರೂಮ್ ಹಿಡಿದಿದ್ದೀರಾ? ಟೆಸ್ಟ್ ಸೀರೀಸಿಗೆ ಪ್ಲಾನ್ ಇದೆ, ಊಟಕ್ಕಿಲ್ಲ. ಅಕ್ಕಪಕ್ಕದ ರೂಮಿನವರನ್ನು ಸೇರಿಸಿ, ಸಹಕಾರಿ ಅಡುಗೆ ಶುರು ಮಾಡಿ.

1. ದೊಡ್ಡ ಬಂಡವಾಳಕ್ಕೆ ಕಾಯಬೇಡಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಜನ 28 ಪೌಂಡ್ ಕೂಡಿಸಿ ಸಹಕಾರಿ ಅಂಗಡಿ ತೆರೆದರು. ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ಬೆರಳೆಣಿಕೆಯ ಸಾಮಾನು. 'ನಮ್ಮ ಕೈಲಾಗುತ್ತಾ?' ಅನ್ನೋದು ಬರೀ ಚಟ. ಬಿಡಿ.

2. ಒಬ್ಬರಿಗೆ ಒಂದೇ ವೋಟು. ಜಾಸ್ತಿ ದುಡ್ಡು ಹಾಕಿದವನಿಗೆ ಎರಡು ವೋಟು ಕೊಟ್ಟರೆ ಅದು ಅವನ ಹೋಟೆಲ್ಲು, ನೀವು ಗಿರಾಕಿಗಳು. ಭಾನುವಾರ ಬಿರಿಯಾನಿಯೋ ಜೋಳದ ರೊಟ್ಟಿಯೋ, ಕೈ ಎತ್ತಿಸಿ ತೀರ್ಮಾನಿಸಿ. ಸೋತವರು ಮುಖ ಊದಿಸದೆ ಉಣ್ಣಬೇಕು. ಎಲ್ಲಕ್ಕಿಂತ ಕಷ್ಟದ್ದು ಇದೇ. ಮುಂದೆ ಆಫೀಸಿನ ಟೀಮಿನಲ್ಲಿ ಉಪಯೋಗಕ್ಕೆ ಬರುವುದೂ ಇದೇ.

3. ಉದ್ರಿ ಬೇಡ. ರಾಚ್‌ಡೇಲ್‌ನವರು ನಗದಿಲ್ಲದೆ ಸಾಮಾನು ಕೊಡುತ್ತಿರಲಿಲ್ಲ. ಒಂದನೇ ತಾರೀಖಿಗೇ ಎಲ್ಲರಿಂದ ಯುಪಿಐ ಮಾಡಿಸಿ. 'ಆಮೇಲೆ ಕೊಡ್ತೀನಿ ಮಗಾ' ಅನ್ನುವವನು ಜೀವದ ಗೆಳೆಯನಾದರೂ ಅವತ್ತೇ ಕೇಳಿ. ಗ್ಯಾಸ್ ಮುಗಿದ ದಿನ ಕೇಳಿದರೆ ದುಡ್ಡೂ ಬರಲ್ಲ, ಗೆಳೆತನವೂ ಉಳಿಯಲ್ಲ. ಖರ್ಚನ್ನೆಲ್ಲ ಶೀಟಿಗೆ ಹಾಕಿ ಗ್ರೂಪಿನಲ್ಲಿ ಶೇರ್ ಮಾಡಿ. ಎರಡು ರೂಪಾಯಿ ಕೊತ್ತಂಬರಿಯೂ ಅದರಲ್ಲಿರಲಿ.

4. ನೇರ ಕೊಳ್ಳಿ. ಸರೂರ್‌ನಗರದ ರೈತು ಬಜಾರ್ ಹತ್ತಿರದಲ್ಲೇ ಇದೆ. ದಲ್ಲಾಳಿ ಇಲ್ಲದೆ ರೈತರೇ ಮಾರಲಿ ಎಂದು ಅಂದಿನ ಆಂಧ್ರ ಸರ್ಕಾರ 1999ರಲ್ಲಿ ಈ ಬಜಾರುಗಳನ್ನು ಶುರು ಮಾಡಿತು. ಮೊದಲು ದರದ ಬೋರ್ಡ್ ಓದಿ, ಆಮೇಲೆ ಚೀಲ ಬಿಚ್ಚಿ.

5. ಉಳಿದದ್ದನ್ನು ಉಂಡ ಲೆಕ್ಕಕ್ಕೆ ಹಂಚಿ. ರಾಚ್‌ಡೇಲ್‌ನಲ್ಲಿ ಲಾಭ ವಾಪಸ್ ಬಂದದ್ದು ಷೇರಿನ ಲೆಕ್ಕದಲ್ಲಲ್ಲ, ಖರೀದಿಯ ಲೆಕ್ಕದಲ್ಲಿ. ಊರಿಗೆ ಹೋದವನ ಊಟ ಅಟೆಂಡೆನ್ಸಿನಲ್ಲಿ ಕಟ್ ಆಗಲಿ.

6. ದೊಡ್ಡದನ್ನೇ ಯೋಚಿಸಿ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಬೆಂಗಳೂರಿನ ನೌಕರರು 1957ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಮಾಲೀಕರಾದರು. ಎಂ.ಜಿ. ರೋಡಿನ ಜಾಗ ಬಿಡಬೇಕಾಗಿ ಬಂದಾಗಲೂ ಚರ್ಚ್ ಸ್ಟ್ರೀಟಿಗೆ ಹೋಗಿ ಕಾಫಿ ಕಾಸಿದರು. ಅದಕ್ಕೂ ಹಿಂದೆ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಜಿಕೆ ನೋಟ್ಸಿಗೂ ಸೇರಿಸಿಕೊಳ್ಳಿ. ಇವತ್ತು ರಾತ್ರಿಯೇ ಮೀಟಿಂಗ್ ಕರೆಯಿರಿ. ಮೊದಲ ಅಜೆಂಡಾ, ಪಾತ್ರೆ ತೊಳೆಯುವ ಪಾಳಿ.