ತೂಗುವ ಕುದುರೆಯೂ ತಂತಿಯ ನಾದವೂ

ವೀಣೆಯ ತಂತಿಗಳಿಗೆ ಆಧಾರವಾದ ಅಂಗವನ್ನು ನಾವು ಕುದುರೆ ಎನ್ನುತ್ತೇವಷ್ಟೆ. ವಿದ್ಯುತ್ ಗಿಟಾರಿಗೂ ಕುದುರೆಯುಂಟು. ಆದರೆ ಕೆಲವು ಗಿಟಾರುಗಳಲ್ಲಿ ಅದು ಸ್ಥಿರವಾಗಿ ನಿಲ್ಲದೆ ತೂಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಲಿಯೋ ಫೆಂಡರ್ ಎಂಬವರ ಕಾರ್ಖಾನೆಯು 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರು ಈ ಬಗೆಯದು. ವಾದಕನು ಕುದುರೆಗೆ ಜೋಡಿಸಿದ ಸನ್ನೆಗೋಲನ್ನು ಒತ್ತಿದಾಗ ಕುದುರೆಯು ಮುಂದಕ್ಕೆ ಬಾಗಿ, ತಂತಿಗಳು ಸಡಿಲಗೊಂಡು ಸ್ವರವು ಇಳಿಯುತ್ತದೆ. ಕೈಬಿಟ್ಟೊಡನೆ ವಾದ್ಯದ ಬೆನ್ನೊಳಗಿನ ಸ್ಪ್ರಿಂಗುಗಳು ಅದನ್ನು ಹಿಂದಕ್ಕೆಳೆದು ಸ್ವರವನ್ನು ಸ್ವಸ್ಥಾನಕ್ಕೆ ತರುತ್ತವೆ. ಫೆಂಡರರು ಇದನ್ನು ಟ್ರೆಮೊಲೊ ಎಂದು ಕರೆದರು. ನಿಜಕ್ಕೂ ಶ್ರುತಿಯ ಇಂಥ ಏರಿಳಿತಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ವೈಬ್ರಾಟೊ ಎಂದು ಹೆಸರು. ತಪ್ಪು ಹೆಸರೇ ಬಳಕೆಯಲ್ಲಿ ನಿಂತುಬಿಟ್ಟಿತು.

ವಿದ್ಯಾರ್ಥಿಗಳೇ, ಹಗ್ಗದ ಒಂದು ತುದಿಯನ್ನು ಮರಕ್ಕೆ ಬಿಗಿದು ಇನ್ನೊಂದನ್ನು ಜಾಡಿಸಿ ನೋಡಿರಿ. ಅಲೆಯು ಮರದವರೆಗೆ ಸಾಗಿ ಕೈಗೆ ಮರಳುತ್ತದೆ. ಮರದ ಬದಲು ಗೆಳೆಯನೊಬ್ಬನು ಸಡಿಲವಾಗಿ ಹಿಡಿದರೆ ಅದು ಬಹುಮಟ್ಟಿಗೆ ಅವನ ಕೈಯಲ್ಲೇ ಅಡಗುತ್ತದೆ. ತಂತಿಯ ಕಂಪನವೂ ಹಾಗೆಯೇ: ಆಧಾರವು ಅಲುಗಿದಷ್ಟೂ ಶಕ್ತಿಯು ಸೋರಿ ನಾದವು ಬೇಗ ಕ್ಷೀಣಿಸುತ್ತದೆ. ಭಾರವಾದ ವಸ್ತುವಾದರೋ ಕ್ಷಿಪ್ರ ಕಂಪನಕ್ಕೆ ಸುಲಭವಾಗಿ ಅಲುಗದು. ಆದುದರಿಂದಲೇ ಕುದುರೆಯ ಕೆಳಗೆ ಉಕ್ಕಿನ ಗಟ್ಟಿಯೊಂದನ್ನು ಜೋಡಿಸಿ, ತಂತಿಗಳನ್ನು ಅದರ ಮೂಲಕವೇ ಪೋಣಿಸಲಾಯಿತು.

1970ರ ದಶಕದ ಆದಿಯಲ್ಲಿ ಆ ಕಾರ್ಖಾನೆಯು ಉಕ್ಕನ್ನು ಬಿಟ್ಟು ಸತುವಿನ ಮಿಶ್ರಲೋಹದ ಎರಕವನ್ನು ಹಿಡಿಯಿತು. ಅಗ್ಗದ ಗಿಟಾರುಗಳಲ್ಲಿ ಇಂದಿಗೂ ಅದೇ ಸಾಮಾನ್ಯ. ಅದರ ನಾದವು ಬಡವೆಂದು ದೂರಿ ಉಕ್ಕಿನ ಇಲ್ಲವೆ ಹಿತ್ತಾಳೆಯ ಗಟ್ಟಿಯನ್ನು ಕೊಂಡು ಹಾಕಿಸುವವರುಂಟು. ಮಕ್ಕಳ ಒತ್ತಾಯಕ್ಕೆ ಹಣ ತೆರಬೇಕಾದ ತಂದೆತಾಯಿಗಳು ಇಲ್ಲಿ ಒಂದು ಲೆಕ್ಕವನ್ನು ನೋಡಬೇಕು. ಒಂದು ಘನ ಸೆಂಟಿಮೀಟರು ಸತು ಸುಮಾರು 7.1 ಗ್ರಾಂ, ಉಕ್ಕು 7.8 ಗ್ರಾಂ, ಹಿತ್ತಾಳೆ 8.5 ಗ್ರಾಂ ತೂಗುತ್ತದೆ. ಅಂತರವು ಅಷ್ಟೇನೂ ದೊಡ್ಡದಲ್ಲ. ಆದರೆ ಅಗ್ಗದ ವಾದ್ಯದ ಗಟ್ಟಿಯು ಅನೇಕ ವೇಳೆ ತೆಳ್ಳಗಿರುತ್ತದೆ. ಭಾರವು ಕುಗ್ಗುವುದು ಹೆಚ್ಚಾಗಿ ಅದರಿಂದ. ಬೆನ್ನಿನ ಮುಚ್ಚಳವನ್ನು ತೆಗೆದು ನೋಡಿರಿ. ಗಟ್ಟಿಯು ತೆಳ್ಳಗಿದ್ದರೆ ಬದಲಾವಣೆಗೆ ಅರ್ಥವುಂಟು. ದಪ್ಪನಾಗಿಯೇ ಇದ್ದರೆ, ಲೋಹದ ಹೆಸರಿಗಾಗಿ ಹಣ ಸುರಿಯುವುದು ಉಚಿತವೆಂದು ನನಗೆ ತೋರದು.

ಕೊಳ್ಳುವ ಮುನ್ನ ಮೇಲ್ತಗಡನ್ನು ಹಿಡಿದಿರುವ ಮೂರು ತಿರುಪುಗಳ ಅಂತರ, ತಂತಿಗಳ ಅಂತರ, ಬೆನ್ನಿನ ಗೂಡಿನ ಆಳ ಇವನ್ನು ಅಳೆಯಬೇಕು. ಫಲವನ್ನು ತಿಳಿಯಲು ಹೊಸ ತಂತಿ ಹಾಕಿ, ಸಮಾನ ಬಲದಿಂದ ಹತ್ತು ಬಾರಿ ಮೀಟಿ, ನಾದವು ಅಡಗುವವರೆಗಿನ ಸೆಕೆಂಡುಗಳನ್ನು ಬರೆದಿಡಿರಿ. ಗಟ್ಟಿಯನ್ನು ಬದಲಾಯಿಸಿದ ಮೇಲೆ ಅಂಥದೇ ಹೊಸ ತಂತಿಯಿಂದ ಮತ್ತೆ ಅಳೆಯಿರಿ. ಸನ್ನೆಗೋಲನ್ನು ಬಿಟ್ಟ ಮೇಲೆ ಶ್ರುತಿಯು ಮರಳದಿದ್ದರೆ ಮಾತ್ರ ಗಟ್ಟಿಯನ್ನು ದೂರಬೇಡಿರಿ. ಬಿರಡೆಗಳ ಬಳಿಯ ಪಟ್ಟಿಯ ಗೀರುಗಳಲ್ಲಿ ತಂತಿಯು ಸಿಲುಕುತ್ತಿರಬಹುದು. ಅಲ್ಲಿಗೆ ಪೆನ್ಸಿಲಿನ ಕಪ್ಪು ಪುಡಿಯನ್ನು ಸವರಿದರೆ ಎಷ್ಟೋ ವೇಳೆ ಕೆಲಸವು ಕಾಸಿಲ್ಲದೆ ಮುಗಿಯುತ್ತದೆ.