ವಿಕಲಚೇತನರ ಮತದಾನ ಮತ್ತು ಗ್ರಾಮ ಸಭೆಯಲ್ಲಿ ಸಹಭಾಗಿತ್ವ: ಸದಸ್ಯರ ಹೊಣೆ

ಮತದಾನದ ದಿನ ಅನೇಕ ಗ್ರಾಮಗಳಲ್ಲಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ದೃಷ್ಟಿಯಿಲ್ಲದ ವೃದ್ಧೆಯೊಬ್ಬರ ಕೈಹಿಡಿದು ಊರಿನ ಪ್ರಮುಖರೊಬ್ಬರು ಮತಗಟ್ಟೆಗೆ ಬರುತ್ತಾರೆ. "ಅಜ್ಜಿಗೆ ಕಣ್ಣು ಕಾಣುವುದಿಲ್ಲ, ನಾನೇ ಹಾಕಿಸುತ್ತೇನೆ" ಎನ್ನುತ್ತಾರೆ. ಸುತ್ತಲಿನವರು ಇದನ್ನು ಉಪಕಾರವೆಂದೇ ಭಾವಿಸುತ್ತಾರೆ. ಅಜ್ಜಿ ಯಾರನ್ನು ಜೊತೆಗೆ ಕರೆತರಬಯಸಿದ್ದರು, ಯಾರಿಗೆ ಮತ ನೀಡಬಯಸಿದ್ದರು ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಲೋಕಸಭೆ ಹಾಗೂ ವಿಧಾನಸಭೆ ಚುನಾವಣೆಗಳಿಗೆ ಅನ್ವಯಿಸುವ 1961ರ ಚುನಾವಣೆಗಳ ನಿರ್ವಹಣಾ ನಿಯಮಗಳಲ್ಲಿ 49ಎನ್ ಎಂಬ ನಿಯಮವಿದೆ. ಅಂಧತ್ವ ಅಥವಾ ದೈಹಿಕ ದೌರ್ಬಲ್ಯದಿಂದ ಚಿಹ್ನೆ ಗುರುತಿಸಲು ಇಲ್ಲವೇ ಗುಂಡಿ ಒತ್ತಲು ಆಗದ ಮತದಾರರು ಒಬ್ಬ ಸಂಗಾತಿಯನ್ನು ಕರೆದೊಯ್ಯಬಹುದು. ಸಂಗಾತಿಗೆ 18 ವರ್ಷ ತುಂಬಿರಬೇಕು. ಮತದ ಗೋಪ್ಯತೆ ಕಾಪಾಡುವುದಾಗಿ ಅವರು ಘೋಷಣೆ ನೀಡಬೇಕು. ಒಬ್ಬ ವ್ಯಕ್ತಿ ಒಂದೇ ದಿನ ಒಬ್ಬರಿಗಿಂತ ಹೆಚ್ಚು ಮತದಾರರಿಗೆ ಸಂಗಾತಿಯಾಗುವಂತಿಲ್ಲ. ಈ ಕೊನೆಯ ನಿರ್ಬಂಧದ ಉದ್ದೇಶ ಸ್ಪಷ್ಟವಾಗಿದೆ: ಹತ್ತು ಜನರ ಕೈಹಿಡಿದು ಹತ್ತು ಮತಗಳನ್ನು ತಾನೇ ಚಲಾಯಿಸುವವನನ್ನು ಕಾನೂನು ಸೇವಕನೆಂದು ಪರಿಗಣಿಸುವುದಿಲ್ಲ.

ಗ್ರಾಮ ಪಂಚಾಯತ್ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗವು ನಡೆಸುತ್ತದೆ. ಅದರ ಸೂಚನೆಗಳನ್ನು ಪ್ರತಿ ಚುನಾವಣೆಗೂ ಪ್ರತ್ಯೇಕವಾಗಿ ಓದಿಕೊಳ್ಳಬೇಕು. ಇಲ್ಲಿ ಸಂಗಾತಿಯ ಪ್ರಶ್ನೆ ಮತ್ತಷ್ಟು ಗಂಭೀರವಾದುದು. ವಿದ್ಯುನ್ಮಾನ ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳಿರುವುದರಿಂದ ಬ್ರೈಲ್ ಬಲ್ಲವರು ತಾವೇ ಮತ ನೀಡಬಲ್ಲರು. ಪಂಚಾಯತ್ ಚುನಾವಣೆಯಲ್ಲಿ ಬಹುಮಟ್ಟಿಗೆ ಬಳಕೆಯಾಗುವ ಮತಪತ್ರದಲ್ಲಿ ಆ ಅನುಕೂಲವಿಲ್ಲ. ಅಲ್ಲದೆ ಒಂದು ಕ್ಷೇತ್ರದಿಂದ ಇಬ್ಬರು ಮೂವರು ಸದಸ್ಯರು ಆಯ್ಕೆಯಾಗುವಲ್ಲಿ ಪ್ರತಿ ಮತದಾರರಿಗೂ ಅಷ್ಟೇ ಮತಗಳಿರುತ್ತವೆ. ಅಜ್ಜಿಯ ಕೈಹಿಡಿದವರ ವಶಕ್ಕೆ ಹೋಗುವುದು ಒಂದು ಮತವಲ್ಲ, ಅವರ ಎಲ್ಲ ಮತಗಳೂ. ಆದ್ದರಿಂದ ಚುನಾಯಿತ ಸದಸ್ಯರು ಮತ್ತು ಅಭ್ಯರ್ಥಿಗಳ ಬೆಂಬಲಿಗರು ಸಂಗಾತಿಯಾಗುವುದರಿಂದ ದೂರವಿರುವುದು ಲೇಸು. ಮೊಮ್ಮಗಳನ್ನೋ ನೆರೆಯವರನ್ನೋ ಮತದಾರರೇ ಆರಿಸಿಕೊಳ್ಳಲಿ.

ಇನ್ನು ಮತಗಟ್ಟೆಯ ಕಟ್ಟಡದ ವಿಷಯ. 2004ರಲ್ಲಿ ಸುಪ್ರೀಂ ಕೋರ್ಟ್ ಮತಗಟ್ಟೆಗಳಲ್ಲಿ ಇಳಿಜಾರು ಹಾದಿ ಕಲ್ಪಿಸುವಂತೆ ನಿರ್ದೇಶಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 11ನೇ ಪ್ರಕರಣವು ಎಲ್ಲ ಮತಗಟ್ಟೆಗಳೂ ವಿಕಲಚೇತನರಿಗೆ ಸುಗಮವಾಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಭಾರತ ಚುನಾವಣಾ ಆಯೋಗ ಮತ್ತು ರಾಜ್ಯ ಚುನಾವಣಾ ಆಯೋಗಗಳ ಮೇಲೆ ಹೊರಿಸಿದೆ. ಆದರೂ ಹೆಸರಿಗಷ್ಟೇ ಕಟ್ಟಿದ ರ‍್ಯಾಂಪುಗಳು ಹಲವು ಶಾಲೆಗಳಲ್ಲಿವೆ. ಅಳತೆ ಸರಳವಾದುದು: ಎತ್ತರದ ಪ್ರತಿ ಒಂದು ಅಡಿಗೆ ಹನ್ನೆರಡು ಅಡಿ ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದರೆ ಎತ್ತರ 45 ಸೆಂಟಿಮೀಟರ್, ಅದಕ್ಕೆ 5.4 ಮೀಟರ್ ಉದ್ದದ ಹಾದಿ ಬೇಕು. ಅದನ್ನು ಎರಡು ಮೀಟರಿನಲ್ಲಿ ಮುಗಿಸಿದರೆ ಸಿಮೆಂಟು ಚೀಲದ ಗಾಡಿಯನ್ನು ಹೇಗೋ ನೂಕಬಹುದು. ಗಾಲಿಕುರ್ಚಿಯಲ್ಲಿ ಕುಳಿತವರು ಒಬ್ಬರೇ ಏರಲಾರರು, ಇಳಿಯುವಾಗ ಹಿಡಿತ ತಪ್ಪಿದರೆ ಅಪಾಯ. ಹಾದಿಯ ಇಬ್ಬದಿಗೂ ಕೈಹಿಡಿ, ಮೇಲೆ ಕುರ್ಚಿ ತಿರುಗಿಸಲು ಸಮತಟ್ಟಾದ ಜಾಗ, 90 ಸೆಂಟಿಮೀಟರ್ ಅಗಲದ ಬಾಗಿಲು ಇವೂ ಬೇಕು. ಬಿಲ್ಲು ಅನುಮೋದನೆಗೆ ಬಂದಾಗ ಸದಸ್ಯರು ಟೇಪು ಹಿಡಿದು ಸ್ಥಳಕ್ಕೆ ಹೋಗುವುದರಲ್ಲಿ ಸಂಕೋಚವೇನೂ ಇಲ್ಲ.

ಮತದಾರರ ಪಟ್ಟಿಯ ಕೆಲಸವೂ ಮೊದಲೇ ಆಗಬೇಕು. ನಮೂನೆ 8ರ ಮೂಲಕ ಮತದಾರರು ತಮ್ಮ ವಿಕಲತೆಯನ್ನು ದಾಖಲಿಸಿಕೊಳ್ಳಬಹುದು. ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರುವವರು ನಮೂನೆ 12ಡಿ ಸಲ್ಲಿಸಿ ಮನೆಯಿಂದಲೇ ಮತ ನೀಡಬಹುದು. ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ಈ ಸೌಲಭ್ಯ 2023ರಲ್ಲಿ ದೊರೆಯಿತು. ಬುದ್ಧಿಮಾಂದ್ಯರಿಗೆ ಮತವಿಲ್ಲವೆಂಬ ನಂಬಿಕೆ ಇನ್ನೂ ಇದೆ. ಸಕ್ಷಮ ನ್ಯಾಯಾಲಯವು ಅಸ್ವಸ್ಥಚಿತ್ತರೆಂದು ಘೋಷಿಸಿದ ಹೊರತು ಹೆಸರು ಕೈಬಿಡುವಂತಿಲ್ಲ. ಊರಿನವರ ಅಭಿಪ್ರಾಯ ನ್ಯಾಯಾಲಯದ ಘೋಷಣೆಯಾಗದು.

ಮತದಾನ ಐದು ವರ್ಷಕ್ಕೊಮ್ಮೆ ಬರುತ್ತದೆ. ಗ್ರಾಮ ಸಭೆ, ವಾರ್ಡ್ ಸಭೆಗಳು ಪ್ರತಿ ವರ್ಷ ನಡೆಯುತ್ತವೆ. ಸಭೆಯ ದಿನಾಂಕವನ್ನು ಡಂಗುರ ಸಾರಿ, ಆಟೋದಲ್ಲಿ ಧ್ವನಿವರ್ಧಕ ಕಟ್ಟಿ ತಿಳಿಸುವುದು ರೂಢಿ. ಕಿವಿ ಕೇಳದವರಿಗೆ ಇವೆರಡೂ ತಲುಪುವುದಿಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ವಿಕಲಚೇತನರ ಪಟ್ಟಿ ಇರುತ್ತದೆ. ಅವರ ಮೂಲಕ ಲಿಖಿತ ನೋಟಿಸನ್ನು ಮನೆಗೆ ಮುಟ್ಟಿಸಬಹುದು, ಮೊಬೈಲಿಗೆ ಸಂದೇಶ ಕಳುಹಿಸಬಹುದು. ಸಭೆ ದೇವಸ್ಥಾನದ ಎತ್ತರದ ಕಟ್ಟೆಯ ಮೇಲೆ ನಡೆದರೆ ಊರುಗೋಲಿನವರು ಕೆಳಗೇ ನಿಂತಿರುತ್ತಾರೆ. ಪಂಚಾಯತ್‌ನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಿಡುವ ಶೇ 5ರ ಹಣ ಹಲವೆಡೆ ಮಾರ್ಚ್ ತಿಂಗಳ ತರಾತುರಿಯಲ್ಲಿ ಖರ್ಚಾಗುತ್ತದೆ. ಯಾವುದಕ್ಕೆ ಬಳಸಬೇಕೆಂದು ಅವರನ್ನೇ ಸಭೆಯಲ್ಲಿ ಕೇಳಿ ನಡಾವಳಿಯಲ್ಲಿ ಬರೆದರೆ ಅದು ರಾಜಕೀಯ ಸಹಭಾಗಿತ್ವವೇ ಆಗುತ್ತದೆ.

ತಮಿಳುನಾಡು 2025ರಲ್ಲಿ ತನ್ನ ಪಂಚಾಯತ್ ಕಾಯ್ದೆಗೆ ತಿದ್ದುಪಡಿ ತಂದು ಸ್ಥಳೀಯ ಸಂಸ್ಥೆಗಳಿಗೆ ವಿಕಲಚೇತನರನ್ನು ನಾಮನಿರ್ದೇಶನ ಮಾಡಲು ಅವಕಾಶ ಕಲ್ಪಿಸಿತು. ನಾಮನಿರ್ದೇಶನವಾಗಲಿ ಚುನಾವಣೆಯಾಗಲಿ, ಸದಸ್ಯರಾದವರು ಸಭಾಂಗಣ ತಲುಪಬೇಕಷ್ಟೆ. ಸಭಾಂಗಣವು ಮೊದಲ ಮಹಡಿಯಲ್ಲಿರುವ ಪಂಚಾಯತ್‌ಗಳು ಅದನ್ನು ನೆಲಮಹಡಿಗೆ ತರುವ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಳ್ಳಬಹುದು.