ನ್ಯುಮೋನಿಯಾ ಆದ ಮಗುವಿನ ರಕ್ತದಲ್ಲಿ ಅಲ್ಬುಮಿನ್ ಕಡಿಮೆಯಾದಾಗ



ನ್ಯುಮೋನಿಯಾ ಆಗಿ ದಾಖಲಾದ ಕೆಲವು ಮಕ್ಕಳ ರಕ್ತ ಪರೀಕ್ಷೆಯ ಚೀಟಿಯಲ್ಲಿ ‘ಅಲ್ಬುಮಿನ್ ಕಡಿಮೆ’ ಎಂದು ಬರುತ್ತದೆ. ಅದನ್ನು ನೋಡಿ ಮನೆಯವರು ಗಾಬರಿಯಾಗುತ್ತಾರೆ. “ಸಿಸ್ಟರ್, ಮಗುವಿಗೆ ಲಿವರ್ ಕೆಟ್ಟಿದೆಯೇ? ಬಾಟಲಿ ಹಾಕಿದರೆ ಸರಿಹೋಗುತ್ತದೆಯೇ?” ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲಿದೆ.

ಅಲ್ಬುಮಿನ್ ಎಂದರೇನು?

ಅಲ್ಬುಮಿನ್ ರಕ್ತದಲ್ಲಿರುವ ಒಂದು ಪ್ರೋಟೀನು. ಇದನ್ನು ಯಕೃತ್ತು (ಲಿವರ್) ತಯಾರಿಸುತ್ತದೆ. ರಕ್ತನಾಳದೊಳಗಿನ ನೀರು ಹೊರಗೆ ಸೋರದಂತೆ ಹಿಡಿದಿಡುವುದು ಇದರ ಮುಖ್ಯ ಕೆಲಸ. ಒಂದು ವರ್ಷ ದಾಟಿದ ಮಗುವಿನಲ್ಲಿ ಸಾಮಾನ್ಯವಾಗಿ ಪ್ರತಿ 100 ಮಿ.ಲೀ. ರಕ್ತದ್ರವದಲ್ಲಿ ಸುಮಾರು 3.5ರಿಂದ 5 ಗ್ರಾಂ ಇರುತ್ತದೆ. ಎಳೆಗೂಸುಗಳಲ್ಲಿ ಸ್ವಲ್ಪ ಕಡಿಮೆ ಇರಬಹುದು.

ನ್ಯುಮೋನಿಯಾದಲ್ಲಿ ಏಕೆ ಕಡಿಮೆಯಾಗುತ್ತದೆ?

1. ಸೋಂಕು ಜೋರಾದಾಗ ಯಕೃತ್ತು ಸೋಂಕಿನೊಡನೆ ಹೋರಾಡುವ ಪ್ರೋಟೀನುಗಳನ್ನು ಹೆಚ್ಚು ತಯಾರಿಸುತ್ತದೆ, ಅಲ್ಬುಮಿನ್ ತಯಾರಿಕೆ ತಗ್ಗುತ್ತದೆ.
2. ಉರಿಯೂತದಿಂದ ಸಣ್ಣ ರಕ್ತನಾಳಗಳು ಸಡಿಲಗೊಂಡು ಅಲ್ಬುಮಿನ್ ಹೊರಗೆ ಸೋರುತ್ತದೆ.
3. ಜ್ವರ, ದಮ್ಮಿನಿಂದ ಮಗು ಹಾಲು, ಊಟ ಬಿಡುತ್ತದೆ. ಮೊದಲೇ ಸೊರಗಿದ ಮಗುವಾದರೆ ತೊಂದರೆ ಇನ್ನೂ ಹೆಚ್ಚು.

ಆದ್ದರಿಂದ ಅಲ್ಬುಮಿನ್ ಕಡಿಮೆ ಇದೆ ಎಂದ ಮಾತ್ರಕ್ಕೆ ಲಿವರ್ ಕೆಟ್ಟಿದೆ ಎಂದಲ್ಲ. ಸೋಂಕು ಬಲವಾಗಿದೆ ಅಥವಾ ಪೋಷಣೆ ಸಾಲದು, ಈ ಮಗುವನ್ನು ಹೆಚ್ಚು ಜೋಪಾನವಾಗಿ ನೋಡಬೇಕು ಎಂಬ ಎಚ್ಚರಿಕೆ ಅದು. ಮೈ ಊತವಿದ್ದರೆ ಮೂತ್ರಪಿಂಡದ ತೊಂದರೆ ಇದೆಯೇ ಎಂದು ತಿಳಿಯಲು ಮೂತ್ರವನ್ನೂ ಪರೀಕ್ಷಿಸುತ್ತಾರೆ.

ಬಾಟಲಿ ಹಾಕಿಸಬೇಕೇ?

ಗ್ಲೂಕೋಸ್ ಬಾಟಲಿಯಲ್ಲಿ ಅಲ್ಬುಮಿನ್ ಇರುವುದಿಲ್ಲ. ಅಲ್ಬುಮಿನ್ ಕಡಿಮೆ ಇರುವ ಮಗುವಿಗೆ ಅಳತೆ ಮೀರಿ ನೀರು ಏರಿಸಿದರೆ ಅದು ಶ್ವಾಸಕೋಶಕ್ಕೂ ಮೈಗೂ ಇಳಿದು ಉಸಿರಾಟ ಇನ್ನೂ ಕಷ್ಟವಾಗಬಹುದು. ಆದ್ದರಿಂದ ವೈದ್ಯರು ಅಳೆದು ಕೊಡುತ್ತಾರೆ, “ಇನ್ನೊಂದು ಬಾಟಲಿ ಹಾಕಿ” ಎಂದು ಒತ್ತಾಯಿಸಬೇಡಿ. ಅಲ್ಬುಮಿನ್ ಇಂಜೆಕ್ಷನ್ ದುಬಾರಿ, ಕೆಲವೇ ಸಂದರ್ಭಗಳಲ್ಲಿ ಬೇಕಾಗುತ್ತದೆ. ನಿಜವಾದ ಚಿಕಿತ್ಸೆ ಎಂದರೆ ಸೋಂಕಿಗೆ ಸರಿಯಾದ ಔಷಧಿ, ಬೇಕಾದಾಗ ಆಮ್ಲಜನಕ ಮತ್ತು ಆಹಾರ. ಸೋಂಕು ತಗ್ಗಿದಂತೆ ಅಲ್ಬುಮಿನ್ ನಿಧಾನವಾಗಿ ಏರುತ್ತದೆ. ಎರಡು ದಿನದಲ್ಲಿ ಏರಲಿಲ್ಲವೆಂದು ಚಿಂತಿಸಬೇಡಿ.

ಊಟ ನಿಲ್ಲಿಸಬೇಡಿ

“ಹಾಲು, ಮೊಸರು ಕೊಟ್ಟರೆ ಕಫ ಹೆಚ್ಚುತ್ತದೆ” ಎಂದು ಹಿರಿಯರು ಹೇಳುವುದುಂಟು. ಆದರೆ ಇವನ್ನು ನಿಲ್ಲಿಸಿದರೆ ಮಗು ಮತ್ತಷ್ಟು ಸೊರಗುತ್ತದೆ.

* ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕುಡಿಸಿ.
* ಆರು ತಿಂಗಳು ದಾಟಿದ ಮಗುವಿಗೆ ಎದೆಹಾಲಿನ ಜೊತೆ ತುಪ್ಪ ಹಾಕಿದ ಮೆತ್ತನೆಯ ಹೆಸರುಬೇಳೆ ಅನ್ನ, ರಾಗಿ ಸರಿ, ಮೊಸರನ್ನ ಕೊಡಿ. ಗಟ್ಟಿ ಬೇಳೆ ಕೊಡಿ, ಬರೀ ತಿಳಿ ಕಟ್ಟು ಸಾಲದು. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿ. ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತಿನ್ನುವ ಮನೆಯವರು ಬೇಯಿಸಿದ ಮೊಟ್ಟೆ ಕೊಡಬಹುದು.
* ಮಗು ಏದುಸಿರು ಬಿಡುತ್ತಿದ್ದರೆ ಬಾಯಿಗೆ ಹಾಕುವ ಮುನ್ನ ಸಿಸ್ಟರನ್ನು ಕೇಳಿ. ಆಹಾರ ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ಆಗ ಮೂಗಿನ ನಳಿಕೆಯಿಂದ ಹಾಲು ಕೊಡುತ್ತೇವೆ. ಅದನ್ನು ಕಂಡು ಹೆದರಬೇಡಿ.

ಕೂಡಲೇ ನಮ್ಮನ್ನು ಕರೆಯಿರಿ

* ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ
* ಮಗು ಹಾಲು ಕುಡಿಯದಿದ್ದರೆ, ಎಚ್ಚರವಿಲ್ಲದಂತೆ ಮಲಗಿದ್ದರೆ, ಫಿಟ್ಸ್ ಬಂದರೆ
* ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಉಳಿದರೆ. ಇದು ಊತ. “ಮಗು ಮೈತುಂಬಿಕೊಂಡಿದೆ” ಎಂದು ಸಂತೋಷಪಡಬೇಡಿ.

ಮನೆಗೆ ಹೋದ ಮೇಲೆ

ಔಷಧಿಯನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ. ಅಂಗನವಾಡಿಯಲ್ಲಿ ತೂಕ ಮಾಡಿಸಿ, ತೋಳಿನ ಸುತ್ತಳತೆ ನೋಡಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ವೈದ್ಯರಿಗೆ ತೋರಿಸಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಬಿಟ್ಟುಹೋಗಿದೆಯೇ ನೋಡಿಕೊಳ್ಳಿ. ಮನೆಯಲ್ಲಿ ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿಗೆ ತಾಗದಿರಲಿ.

ಅರ್ಥವಾಗದ್ದನ್ನು ಸಂಕೋಚವಿಲ್ಲದೆ ಕೇಳಿ. ಔಷಧಿ ಕೊಡುವುದು ನಮ್ಮ ಕೆಲಸ, ತುತ್ತು ತಿನ್ನಿಸುವುದು ನಿಮ್ಮ ಕೆಲಸ. ಎರಡೂ ಸೇರಿದರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ.